ಉಪ್ಪು ಸಕ್ಕರೆ ನೀರಿನ ಹಿಂದಿನ ಕಥೆ

ಸಣ್ಣಕರುಳಿನ ವಿಲ್ಲೈಗಳು ಆಹಾರವನ್ನು ಹೀರಿಕೊಳ್ಳುತ್ತವೆ ಎಂದು ನಾವೆಲ್ಲ ಒಂದೇ ವಾಕ್ಯದಲ್ಲಿ ಪಾಠ ಮುಗಿಸಿಬಿಡುತ್ತೇವೆ. ಹೇಗೆ ಹೀರಿಕೊಳ್ಳುತ್ತವೆ ಎಂದು ರಾಯದುರ್ಗದಲ್ಲೋ ಮಡಕಶಿರಾದಲ್ಲೋ ಒಬ್ಬ ಜಾಣ ಹುಡುಗ ಕೇಳಿದರೆ ಹೇಳಲು ಒಳ್ಳೆಯ ಕಥೆಯೊಂದಿದೆ.

1953ರಲ್ಲಿ, ಅಂದರೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದ ವರ್ಷವೇ, ಕಲ್ಕತ್ತೆಯ ವೈದ್ಯ ಹೇಮೇಂದ್ರನಾಥ ಚಟರ್ಜಿ 186 ಕಾಲರಾ ರೋಗಿಗಳಿಗೆ ಉಪ್ಪು, ಗ್ಲೂಕೋಸ್ ಬೆರೆಸಿದ ನೀರು ಕುಡಿಸಿದ ವರದಿ ಪ್ರಕಟಿಸಿದರು. ದೊಡ್ಡವರಾರೂ ಕಿವಿಗೊಡಲಿಲ್ಲ. ಅದು ಯಾಕೆ ಕೆಲಸ ಮಾಡುತ್ತದೆಂದು ಆಗ ವಿವರಿಸುವವರಿರಲಿಲ್ಲ.

ವಿವರಣೆ ಬಂದದ್ದು 1960ರಲ್ಲಿ. ಪ್ರಾಗ್ ನಗರದ ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್, ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಂಟಿಯಾಗಿ ದಾಟುವುದಿಲ್ಲ, ಸೋಡಿಯಂ ಜೊತೆಗೂಡಿಯೇ ಒಳಹೋಗುತ್ತದೆ ಎಂದು ವಾದಿಸಿದರು. ಒಂದು ಗ್ಲೂಕೋಸ್ ಅಣುವಿಗೆ ಎರಡು ಸೋಡಿಯಂ ಅಯಾನುಗಳು ಎಂಬ ಲೆಕ್ಕ ಆಮೇಲೆ ಸಿಕ್ಕಿತು. ಇವು ಹೋದ ಕಡೆಗೆ ನೀರೂ ಹೋಗುತ್ತದೆ. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸುತ್ತದೆ ನಿಜ, ಆದರೆ ಈ ಜೋಡಿ ಬಾಗಿಲನ್ನು ಮುಚ್ಚುವುದಿಲ್ಲ. ಬರೀ ನೀರಾಗಲಿ ಬರೀ ಉಪ್ಪುನೀರಾಗಲಿ ಸಾಲದು, ಎರಡೂ ಬೇಕು!

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹರಡಿತು. ಸಲೈನ್ ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಗ್ಲೂಕೋಸ್ ನೀರು ತುಂಬಿಸಿ, ರೋಗಿಯ ಅಮ್ಮ, ಅಣ್ಣ, ಅಕ್ಕಂದಿರ ಕೈಗೆ ಲೋಟ ಕೊಟ್ಟರು. ಬೇರೆ ಕಡೆ ನೂರಕ್ಕೆ 20ರಿಂದ 30 ಮಂದಿ ಸಾಯುತ್ತಿದ್ದಾಗ ಇಲ್ಲಿ ಸತ್ತವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಇಂಥವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ. ನಮ್ಮ ದೇಶಕ್ಕೆ ಇದು ಹೊಸದೇನಲ್ಲ ಬಿಡಿ.

ನಮಗೆ ಹತ್ತಿರದ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬಿ.ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಣ್ಣಕರುಳಿನಲ್ಲಿ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟವನ್ನು ಈ ನೀರಿಗೆ ಬೆರೆಸಿ ಕೊಟ್ಟಾಗ ಭೇದಿ ಕಡಿಮೆಯಾಯಿತೆಂದು 2000ದಲ್ಲಿ ಪ್ರಕಟಿಸಿದರು. ಆ ಪಿಷ್ಟ ದೊಡ್ಡಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುಳಿತು ಕೊಬ್ಬಿನಾಮ್ಲಗಳಾಗಿ, ಅಲ್ಲಿಯೂ ಉಪ್ಪುನೀರು ಒಳಹೋಗಲು ನೆರವಾಗುತ್ತದೆ.

ಭೇದಿ ಹತ್ತಿದ ಮಗುವಿಗೆ ನೀರು ಕೊಡಬೇಡಿ ಎನ್ನುವ ಹಿರಿಯರು ಇನ್ನೂ ಇದ್ದಾರೆ. ಅವರಿಗೆ ಮಕ್ಕಳೇ ಈ ಕಥೆ ಹೇಳಲಿ. ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ತಲೆಮಟ್ಟ ಇರಲಿ, ರಾಶಿ ಬೇಡ. ಸಕ್ಕರೆ ಹೆಚ್ಚಾದರೆ ಅದು ಕರುಳಿನೊಳಕ್ಕೇ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.