ನಾಲ್ಕು ಬೈಟಿನ ಬೀಗ

ಮೊಬೈಲಿನ ಮಾತು ಬಂದಾಗ ನಾವು ಪರದೆಯನ್ನೋ ಕ್ಯಾಮೆರಾವನ್ನೋ ನೆನೆಯುತ್ತೇವೆ. ಅದರೊಳಗಿನ ಸಿ ಲೈಬ್ರರಿಯನ್ನು ನೆನೆಯುವವರು ವಿರಳ. ಆದರೆ ಕಡತ ತೆರೆಯಲಿ, ಮೆಮೊರಿಯಲ್ಲಿ ಜಾಗ ಪಡೆಯಲಿ, ವೇಳೆ ಕೇಳಲಿ, ತಂತ್ರಾಂಶಗಳು ಸಾಮಾನ್ಯವಾಗಿ ಕರ್ನಲ್ ಎಂಬ ತಳಹದಿಯನ್ನು ತಲುಪುವುದು ಈ ಲೈಬ್ರರಿಯ ಮೂಲಕವೇ. ಕಚೇರಿಯ ಪರಿಭಾಷೆಯಲ್ಲಿ ಹೇಳುವುದಾದರೆ, ಅರ್ಜಿಗಳೆಲ್ಲ ಹಾದುಹೋಗುವ ಟಪಾಲು ವಿಭಾಗವಿದು. ಈ ವಿಭಾಗವನ್ನು ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಆಂಡ್ರಾಯ್ಡ್‌ನ ಇತಿಹಾಸವೇ ಉತ್ತರ.

ಗೂಗಲ್ ಸಂಸ್ಥೆಯು ಆಂಡ್ರಾಯ್ಡ್ ಕಂಪನಿಯನ್ನು ಕೊಂಡದ್ದು 2005ರಲ್ಲಿ. ವ್ಯವಸ್ಥೆಯನ್ನು ಲೋಕಕ್ಕೆ ಪ್ರಕಟಿಸಿದ್ದು 2007ರ ನವೆಂಬರಿನಲ್ಲಿ. ಕರ್ನಲ್ಲಿಗಾಗಿ ಅದು ಲಿನಕ್ಸನ್ನು ಆರಿಸಿಕೊಂಡಿತು. ಆದರೆ ಕಂಪ್ಯೂಟರುಗಳಲ್ಲಿ ಲಿನಕ್ಸಿನ ಜೊತೆಗೆ ಸಾಮಾನ್ಯವಾಗಿ ಬರುವ ಗ್ಲಿಬ್‌ಸಿ ಎಂಬ ಸಿ ಲೈಬ್ರರಿಯನ್ನು ಬಿಟ್ಟು, ಬಿಎಸ್‌ಡಿ ಪರಂಪರೆಯ ಸಂಕೇತಗಳನ್ನು ಆಧರಿಸಿ ಬಯಾನಿಕ್ ಎಂಬ ಹೊಸ ಲೈಬ್ರರಿಯನ್ನು ಕಟ್ಟಿಕೊಂಡಿತು. ಇದಕ್ಕೆ ಕಾರಣಗಳಿದ್ದವು. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್‌ನಲ್ಲಿದ್ದುದು 192 ಎಂಬಿ ಮೆಮೊರಿ, 528 ಮೆಗಾಹರ್ಟ್ಸ್ ವೇಗದ ಪ್ರೊಸೆಸರ್. ಅಷ್ಟು ಇಕ್ಕಟ್ಟಿನ ಮನೆಗೆ ಗ್ಲಿಬ್‌ಸಿಯ ಸಂಸಾರ ದೊಡ್ಡದಾಯಿತು. ಇನ್ನೊಂದು ಕಾರಣ ಪರವಾನಗಿಯದು. ಗ್ಲಿಬ್‌ಸಿಯ ಎಲ್‌ಜಿಪಿಎಲ್ ಪರವಾನಗಿಯು ಲೈಬ್ರರಿಯನ್ನು ಬದಲಿಸಿಕೊಳ್ಳುವ ಹಕ್ಕನ್ನು ಬಳಕೆದಾರನಿಗೆ ಕಾಯ್ದಿಡುತ್ತದೆ. ಫೋನು ತಯಾರಕರಿಗೆ ಅಂತಹ ನಿಬಂಧನೆ ತೊಡಕಾಗದಿರಲಿ ಎಂದು ಗೂಗಲ್ ಬಯಸಿತು.

ಹಗುರವಾಗಬೇಕಾದರೆ ಕೆಲವನ್ನು ಇಳಿಸಲೇಬೇಕು. ಇಳಿಸಿದವುಗಳಲ್ಲಿ ಭಾಷೆಗೆ ಸಂಬಂಧಿಸಿದ ಸೌಕರ್ಯಗಳೂ ಇದ್ದವು. ಗ್ಲಿಬ್‌ಸಿಯಲ್ಲಿ ತಿಂಗಳ ಹೆಸರು, ದಿನಾಂಕದ ಕ್ರಮ ಮುಂತಾದವುಗಳನ್ನು ನಿರ್ದೇಶಿಸುವ ಕನ್ನಡದ ಕಡತವೊಂದಿದೆ. ಆರಂಭದ ಬಯಾನಿಕ್‌ನಲ್ಲಿ ಇಂತಹ ಏರ್ಪಾಡಿಗೆ ಎಡೆಯಿರಲಿಲ್ಲ. ಆ ಹೊಣೆಯನ್ನು ಮೇಲಿನ ಪದರಗಳು ಹೊತ್ತವು. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡಕ್ಕೆ ಬೆಂಬಲ ನೀಡಿದಾಗಲೂ ಅಕ್ಷರಗಳನ್ನು ಕೂಡಿಸಿ ತೋರಿಸಿದ ಕೆಲಸ ಆ ಮೇಲಿನ ಪದರಗಳದೇ ಆಗಿತ್ತು.

ಇನ್ನೂ ದೊಡ್ಡ ಪರಿಣಾಮ ಕಂಡದ್ದು ಬೇರೆಡೆ. ಫೋನಿನ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಚಿಪ್ಪಿಗೆ ಡ್ರೈವರ್ ಎಂಬ ತಂತ್ರಾಂಶ ಬೇಕು. ಚಿಪ್ ತಯಾರಕರು ಅದರ ಮೂಲಸಂಕೇತವನ್ನು ಗುಟ್ಟಾಗಿಟ್ಟು, ಬಯಾನಿಕ್‌ಗೆ ಹೊಂದುವ ಸಿದ್ಧ ರೂಪವನ್ನಷ್ಟೇ ಕೊಟ್ಟರು. ಹೀಗಾಗಿ ಅದೇ ಫೋನಿನಲ್ಲಿ ಗ್ಲಿಬ್‌ಸಿ ಆಧರಿಸಿದ ಬೇರೊಂದು ಲಿನಕ್ಸ್ ವ್ಯವಸ್ಥೆಯನ್ನು ಕೂರಿಸಹೊರಟವರಿಗೆ ಪರದೆಯೇ ಸರಿಯಾಗಿ ಒಲಿಯಲಿಲ್ಲ. ಕರ್ನಲ್ ಒಂದೇ, ಬರೆದ ಭಾಷೆಯೂ ಒಂದೇ. ಆದರೂ ಒಂದರ ಮಾತು ಇನ್ನೊಂದಕ್ಕೆ ತಿಳಿಯದು.

ಈ ಗೋಡೆಗೆ ಬಾಗಿಲು ಕೊರೆದವರು ಮೇರ್ ಯೋಜನೆಯ ಕಾರ್ಸ್ಟನ್ ಮುಂಕ್. 2012ರಲ್ಲಿ ಅವರು ಹೊರತಂದ ಲಿಬ್‌ಹೈಬ್ರಿಸ್ ಎರಡೂ ಕಡೆಯ ಮಾತು ಬಲ್ಲ ದುಭಾಷಿಯಂತೆ ನಡುವೆ ನಿಂತಿತು. ಅದರ ಕಷ್ಟವನ್ನು ಒಂದು ಉದಾಹರಣೆಯಿಂದ ಅರಿಯಬಹುದು. ಎರಡು ಕೆಲಸಗಳು ಒಂದೇ ಮಾಹಿತಿಯನ್ನು ಒಮ್ಮೆಗೇ ತಿದ್ದದಂತೆ ತಡೆಯುವ ಮ್ಯೂಟೆಕ್ಸ್ ಎಂಬ ಬೀಗವಿದೆ. 32 ಬಿಟ್ ವ್ಯವಸ್ಥೆಯಲ್ಲಿ ಈ ಬೀಗಕ್ಕೆ ಬಯಾನಿಕ್ ಇಡುವ ಜಾಗ 4 ಬೈಟ್. ಗ್ಲಿಬ್‌ಸಿ ಕೇಳುವುದು 24 ಬೈಟ್. ದೊಡ್ಡ ಬೀಗವನ್ನು ಸಣ್ಣ ಜಾಗದಲ್ಲಿ ತುರುಕಿದರೆ ಪಕ್ಕದ ಮಾಹಿತಿ ಕೆಡುತ್ತದೆ. ಲಿಬ್‌ಹೈಬ್ರಿಸ್ ನಿಜವಾದ ಬೀಗವನ್ನು ಬೇರೆಡೆ ಇರಿಸಿ, ಆ 4 ಬೈಟಿನಲ್ಲಿ ಅದರ ವಿಳಾಸವನ್ನು ಮಾತ್ರ ಬರೆದಿಟ್ಟಿತು. ಇಂಥ ನೂರಾರು ಹೊಂದಾಣಿಕೆಗಳ ಬಲದಿಂದಲೇ ನೋಕಿಯಾ ಬಿಟ್ಟುಬಂದವರು ಫಿನ್‌ಲೆಂಡಿನಲ್ಲಿ ಕಟ್ಟಿದ ಯೋಲಾ ಕಂಪನಿಯ ಫೋನು 2013ರಲ್ಲಿ ಹೊರಬಂದಿತು. ಉಬುಂಟು ಟಚ್ ಕೂಡ ಇದೇ ದುಭಾಷಿಯನ್ನು ನೆಚ್ಚಿತು.

ದುಭಾಷಿಯನ್ನು ನೆಚ್ಚಿದವರು ಮೂಲ ಮಾತಿನ ಹಂಗಿನಲ್ಲೇ ಇರುತ್ತಾರೆ. ತಯಾರಕರು ಡ್ರೈವರನ್ನೂ ಅದಕ್ಕೆ ಹೊಂದುವ ಹಳೆಯ ಕರ್ನಲ್ಲನ್ನೂ ಪರಿಷ್ಕರಿಸುವುದನ್ನು ನಿಲ್ಲಿಸಿದರೆ ದಾರಿ ಅಲ್ಲಿಗೇ ಮುಗಿಯಿತು. ಆದ್ದರಿಂದ 2017ರಲ್ಲಿ ಆರಂಭವಾದ ಪೋಸ್ಟ್‌ಮಾರ್ಕೆಟ್‌ಒಎಸ್ ಬೇರೆ ಹಾದಿ ಹಿಡಿಯಿತು. ಫೋನೊಂದು ಹತ್ತು ವರ್ಷ ಬಾಳಬೇಕೆಂಬುದು ಅದರ ಗುರಿ. ಅದು ರಿಚ್ ಫೆಲ್ಕರ್ 2011ರಲ್ಲಿ ಹೊರತಂದ ಮಸಲ್ ಎಂಬ ಪುಟ್ಟ ಸಿ ಲೈಬ್ರರಿಯನ್ನು ಬಳಸಿ, ಸಾಧ್ಯವಾದೆಡೆ ಮುಕ್ತ ಡ್ರೈವರುಗಳನ್ನೇ ಅವಲಂಬಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಮಸಲ್ ಕೂಡ ಬಯಾನಿಕ್‌ನಂತೆ ಹಗುರ. ಅದರ ಎಂಐಟಿ ಪರವಾನಗಿಯೂ ಸಡಿಲವಾದುದೇ.

ಹಾಗಾದರೆ ತಪ್ಪು ಸಣ್ಣ ಲೈಬ್ರರಿಯನ್ನು ಆರಿಸಿದ್ದರಲ್ಲಿರಲಿಲ್ಲ. 192 ಎಂಬಿಯ ಕಾಲಕ್ಕೆ ಆ ನಿರ್ಧಾರ ಯುಕ್ತವೇ ಆಗಿತ್ತು. ಮುಚ್ಚಿಟ್ಟ ಡ್ರೈವರುಗಳು ಅದಕ್ಕೆ ಗಂಟುಬಿದ್ದಾಗ ಅದು ಬಂಧನವಾಯಿತು. ಇಂದು ಮೆಮೊರಿ ಹಲವು ಪಟ್ಟು ಬೆಳೆದಿದೆ, ಗಂಟು ಮಾತ್ರ ಸಡಿಲವಾಗಿಲ್ಲ. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ, ನಮ್ಮ ಕಪಾಟುಗಳಲ್ಲಿ ಪರದೆ ಒಡೆಯದೆ, ಬ್ಯಾಟರಿ ಸಾಯದೆ, ಕೇವಲ ಪರಿಷ್ಕರಣೆ ನಿಂತ ಕಾರಣಕ್ಕೆ ಮೂಲೆ ಸೇರಿದ ಫೋನುಗಳು ಆ ಗಂಟಿನ ಬೆಲೆಯನ್ನು ಹೇಳುತ್ತಿವೆ.