ನೂಲು ಬಿಚ್ಚಿದ ಕೈಗಳು



ಚಿಕ್ಕಬಳ್ಳಾಪುರದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರೂ ಶಿಡ್ಲಘಟ್ಟ ಬಂದದ್ದು ತಮಗೆ ತಿಳಿಯುತ್ತದೆ. ಬೆಂದ ರೇಷ್ಮೆಹುಳುವಿನ ವಾಸನೆ ಕಿಟಕಿಯಿಂದ ಒಳಗೆ ಬಂದು ಊರಿನ ಹೆಸರು ಹೇಳುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಊರಿನವರಿಗಾದರೋ ಅದು ಅನ್ನದ ವಾಸನೆ. ತಮ್ಮ ಮನೆಯ ಪೆಟ್ಟಿಗೆಯಲ್ಲಿ ಮದುವೆಯ ಸೀರೆಯೊಂದು ಮಡಿಸಿಟ್ಟಿದ್ದರೆ, ಅದರ ಎಳೆ ಹೀಗೊಂದು ಊರಿನಲ್ಲಿ, ಬಿಸಿನೀರಿನ ಬೋಗುಣಿಯ ಮುಂದೆ ಕುಳಿತ ಯಾರದೋ ಬೆರಳುಗಳ ನಡುವೆ ಹಾದು ಬಂದಿರುವ ಸಾಧ್ಯತೆ ಬಹಳ. ಆ ಬೆರಳುಗಳಿಗೆ ಕೆಲಸ ತಪ್ಪಿದಾಗಲೆಲ್ಲ ಏನಾಯಿತು ಎಂಬುದನ್ನು ಈ ಲೇಖನದಲ್ಲಿ ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲು ಆ ಕೆಲಸ ಎಂಥದೆಂದು ನೋಡೋಣ. ನೂಲು ಬಿಚ್ಚುವ ಹಳೆಯ ಸಾಧನ ಚರಕ. ಒಬ್ಬರು ಕುದಿಯುವ ನೀರಿನ ಬೋಗುಣಿಯ ಮುಂದೆ ಕೂರಬೇಕು, ಇನ್ನೊಬ್ಬರು ರಾಟೆ ತಿರುಗಿಸಬೇಕು. ಗೂಡಿನ ಅಂಟು ಸಡಿಲಗೊಂಡು ಎಳೆಯ ತುದಿ ಮೇಲೇಳುವ ಹದ ಕಣ್ಣಿಗಿಂತ ಮೊದಲು ಕೈಗೆ ತಿಳಿಯಬೇಕು. ಎಂಟೋ ಹತ್ತೋ ಗೂಡುಗಳ ಎಳೆಗಳು ಒಂದಾದರೆ ಒಂದು ನೂಲು. ಗೂಡು ಬಿಚ್ಚುತ್ತ ಹೋದಂತೆ ಒಳಗಿನ ಎಳೆ ತೆಳುವಾಗುತ್ತದೆ. ಒಂದು ಗೂಡು ಮುಗಿದ ಕ್ಷಣವೇ ಮತ್ತೊಂದರ ಎಳೆಯನ್ನು ಸೇರಿಸಬೇಕು. ತಡವಾದರೆ ನೂಲು ಸಣ್ಣಗಾಗುತ್ತದೆ, ಆತುರವಾದರೆ ಗಂಟಾಗುತ್ತದೆ. ಮಿಶ್ರತಳಿ ಗೂಡಾದರೆ ಸುಮಾರು 7 ಕಿಲೋ ಬಿಚ್ಚಿದಾಗ 1 ಕಿಲೋ ಕಚ್ಚಾ ರೇಷ್ಮೆ. ಇದನ್ನೆಲ್ಲ ಯಾವ ಶಾಲೆಯೂ ಕಲಿಸಲಿಲ್ಲ, ಯಾವ ಪ್ರಮಾಣಪತ್ರದಲ್ಲೂ ಬರೆಯಲಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತ ಮಗಳು, ಅಣ್ಣನ ಪಕ್ಕದಲ್ಲಿ ಕುಳಿತ ತಮ್ಮ ನೋಡಿ ನೋಡಿ ಕಲಿತರು. ದಿನವಿಡೀ ನೀರಿನಲ್ಲಿ ನೆನೆದ ಬೆರಳುಗಳ ಚರ್ಮ ಬಿಳಿಚಿ ಸುಲಿಯುತ್ತದೆ. ಹೊಗೆಯೂ ಹಬೆಯೂ ತುಂಬಿದ ಕೋಣೆಯಲ್ಲಿ ಕೆಮ್ಮು, ಉಬ್ಬಸ ಬರುತ್ತವೆ. ಆದರೂ ಅದು ಕೈಯಲ್ಲಿದ್ದ ವಿದ್ಯೆ.

ಮೈಸೂರು ಸೀಮೆಗೆ ರೇಷ್ಮೆ ಬಂದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಟಿಪ್ಪು ಸುಲ್ತಾನರ ಆಸಕ್ತಿಯಿಂದ. 1866ರಲ್ಲಿ ಇಟಲಿಯ ದೆ ವೆಕಿ ಎಂಬವರು ಕೆಂಗೇರಿಯಲ್ಲಿ ಉಗಿಯಂತ್ರದ ನೂಲು ಕಾರ್ಖಾನೆ ತೆರೆದರು. ಶತಮಾನದ ಕೊನೆಗೆ ಜಮ್ಸೇಟ್‌ಜಿ ಟಾಟಾ ಅವರು ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟವೊಂದನ್ನು ನಡೆಸಿದರು. ಬಸವನಗುಡಿಯ ಸಮೀಪದ ಬಡಾವಣೆಗೆ ಇಂದಿಗೂ ಆ ಹೆಸರೇ ಉಳಿದಿದೆ. ಆ ತೋಟ 1910ರ ಸುಮಾರಿಗೆ ಸಾಲ್ವೇಶನ್ ಆರ್ಮಿಯ ಕೈಗೆ ಬಂದಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಆ ಸಂಸ್ಥೆಯ ಬೂತ್-ಟಕ್ಕರ್ ಅವರು ಸರಕಾರಿ ಅಧಿಕಾರ ತೊರೆದು ಬಂದವರು. ಬ್ರಿಟಿಷ್ ಕಾನೂನು ಅಪರಾಧಿಗಳೆಂದು ಹುಟ್ಟಿನಿಂದಲೇ ಮುದ್ರೆಯೊತ್ತಿದ್ದ ಬುಡಕಟ್ಟುಗಳಿಗೆ ರೇಷ್ಮೆಯೊಂದು ಬದುಕಾಗಬಹುದೆಂದು ಅವರು ನಂಬಿದ್ದರು. ಆ ಸಂಸ್ಥೆ ಸರಕಾರದ ಪರವಾಗಿ ನಡೆಸಿದ ವಸಾಹತುಗಳಲ್ಲಿ ಕಾವಲೂ ಇತ್ತೆಂಬುದನ್ನು ಮರೆಯಬಾರದು. ಆದರೂ ಕೆಲಸವಿಲ್ಲದವನಿಗೆ ಮೊದಲು ಕೆಲಸ ಕಲಿಸಬೇಕೆಂಬ ಯೋಚನೆ ನಮ್ಮ ನಾಡಿನ ರೇಷ್ಮೆಯೊಡನೆ ಹೀಗೆ ಬಹಳ ಹಿಂದೆಯೇ ಸೇರಿಕೊಂಡಿತು.

ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಮೈಸೂರು ಸರಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯವರನ್ನು ನೇಮಿಸಿಕೊಂಡು ರೇಷ್ಮೆಗಾಗಿ ಇಲಾಖೆಯೊಂದನ್ನೇ ಕಟ್ಟಿತು. ಹುಳುವಿಗೆ ತಗಲುವ ರೋಗ, ಮೊಟ್ಟೆಯ ಶುದ್ಧತೆ, ಸೊಪ್ಪಿನ ಗುಣ ಎಲ್ಲಕ್ಕೂ ಪರಿಹಾರ ಹುಡುಕಿದರು. ಸೊಪ್ಪು, ಹುಳು, ಯಂತ್ರ ಇವುಗಳ ಸುಧಾರಣೆಗೆ ಕೊಟ್ಟ ಲಕ್ಷ್ಯ ಬೋಗುಣಿಯ ಮುಂದೆ ಕುಳಿತವರಿಗೆ ಸಿಗದೇ ಹೋದದ್ದು ಆ ಕಾಲದಲ್ಲೇ ಮೊದಲಾಯಿತೆಂದು ನನಗೆ ತೋರುತ್ತದೆ.

ಪರದೇಶದ ನೂಲು ಇಲ್ಲಿಯ ಒಲೆ ಆರಿಸಿದ್ದು ನಿನ್ನೆ ಮೊನ್ನೆಯ ಸಂಗತಿಯಲ್ಲ. 1930ರ ದಶಕದ ಆರಂಭದಲ್ಲಿ ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿದ್ದಾಗ ಅಗ್ಗದ ಜಪಾನ್ ರೇಷ್ಮೆಯೂ ಕೃತಕ ರೇಷ್ಮೆಯೂ ಬಂದು ಮೈಸೂರು ನೂಲಿನ ಬೆಲೆ ಕುಸಿಯಿತು. 1933ರಲ್ಲಿ ಸುಂಕ ಮಂಡಳಿ ವಿಚಾರಣೆ ನಡೆಸಿತು, 1934ರಲ್ಲಿ ರಕ್ಷಣಾ ಸುಂಕ ಬಂದಿತು. ಬಳಿಕ ಎರಡನೆಯ ಮಹಾಯುದ್ಧ. ಪ್ಯಾರಾಚೂಟಿಗೆ ರೇಷ್ಮೆ ಬೇಕಾದದ್ದರಿಂದ ಬೋಗುಣಿಗಳು ಬಿಡುವಿಲ್ಲದೆ ಕುದಿದವು. ಯುದ್ಧ ಮುಗಿಯಿತು, ಬೇಡಿಕೆಯೂ ಇಳಿಯಿತು. ಎಲ್ಲಿಯೋ ನಡೆದ ಯುದ್ಧದಿಂದ ಕೆಲಸ ಹುಟ್ಟುವುದು, ಎಲ್ಲಿಯೋ ಆದ ಶಾಂತಿಯಿಂದ ಕೆಲಸ ಹೋಗುವುದು! ದುಡಿಯುವವನಿಗೆ ಇದರ ಕಾರಣವನ್ನಾದರೂ ಯಾರು ತಿಳಿಸಿ ಹೇಳಿಯಾರು?

ಸ್ವಾತಂತ್ರ್ಯದ ನಂತರ ಕೇಂದ್ರ ರೇಷ್ಮೆ ಮಂಡಳಿ ಬಂದಿತು. 1959ರ ರಾಜ್ಯ ಕಾಯಿದೆ ಗೂಡಿನ ವ್ಯಾಪಾರವನ್ನು ಸರಕಾರಿ ಮಾರುಕಟ್ಟೆಗೆ ತಂದಿತು. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ಯೋಜನೆ ಶುರುವಾಯಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಮನಗರದ ಜೊತೆಗೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದಾಯಿತು. 1995ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಚಿಂತಾಮಣಿಯಲ್ಲಿ ರೇಷ್ಮೆ ಕೃಷಿಗೆಂದೇ ಕಾಲೇಜು ತೆರೆಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಇವುಗಳಿಂದ ರೈತನಿಗೆ ಲಾಭವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಅದೇ ತೊಂಬತ್ತರ ದಶಕದಲ್ಲಿ ಆಮದಿನ ಬಾಗಿಲು ತೆರೆದು ಚೀನಾದ ನೂಲು ಬರತೊಡಗಿತು. ಬರಗಾಲವೂ ಸೇರಿಕೊಂಡಿತು. ರಾಜ್ಯದಲ್ಲಿ ಒಂದೂವರೆ ಲಕ್ಷ ಹೆಕ್ಟೇರಿಗಿಂತ ಹೆಚ್ಚಿದ್ದ ಹಿಪ್ಪುನೇರಳೆ ಹತ್ತು ವರ್ಷಗಳಲ್ಲಿ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು. 2003ರಲ್ಲಿ ಚೀನಾದ ರೇಷ್ಮೆಯ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿದಾಗ ಸ್ವಲ್ಪ ಉಸಿರು ಬಂತು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇಕಡ 30ರಿಂದ 5ಕ್ಕೆ ಇಳಿದಾಗ ಆ ಉಸಿರೂ ನಿಂತಂತಾಯಿತು. ಎರಡು ವರ್ಷಗಳ ನಂತರ ಅದನ್ನು 15ಕ್ಕೆ ಏರಿಸಿದರು. ದೆಹಲಿಯ ಕಡತದಲ್ಲಿ ಬದಲಾದ ಈ ಅಂಕಿಗಳನ್ನು ಶಿಡ್ಲಘಟ್ಟದ ಹೆಣ್ಣುಮಗಳೊಬ್ಬಳು ಬೇರೊಂದು ಲೆಕ್ಕದಲ್ಲಿ ಓದಬೇಕಾಯಿತು: ಈ ವಾರ ಎಷ್ಟು ದಿನ ಒಲೆ ಹೊತ್ತುತ್ತದೆ?

ಇಲ್ಲಿ ಮಾಲೀಕನೆಂದರೆ ಬಂಗಲೆಯ ಧಣಿಯಲ್ಲ ಎಂಬುದನ್ನು ತಾವು ಗಮನಿಸಬೇಕು. ಅನೇಕ ರೀಲರುಗಳು ಮನೆಯ ಹಿಂದಿನ ಕೊಟ್ಟಿಗೆಯಲ್ಲೇ ನಾಲ್ಕಾರು ಬೋಗುಣಿ ಇಟ್ಟುಕೊಂಡವರು. ಬೆಳಗಿನ ಹರಾಜಿನಲ್ಲಿ ಲಾಟು ಹಿಡಿಯಬೇಕು, ಹಣ ಕಟ್ಟಬೇಕು. ಗೂಡಾದರೋ ಕಾಯುವ ಸರಕಲ್ಲ. ಒಣಗಿಸದೆ ಬಿಟ್ಟರೆ ಕೆಲವೇ ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ. ಇಂದು ಕೊಂಡ ಗೂಡಿನ ನೂಲಿಗೆ ನಾಳೆ ಎಷ್ಟು ಬೆಲೆಯೋ ಗೊತ್ತಿಲ್ಲ. ಹೀಗೆ ದಿನವೂ ಜೂಜಾಡಿದಂತೆ ಬದುಕುವವನ ಎದೆಯ ಭಾರ ಕೂಲಿಯವರ ಮೇಲೆ ಇಳಿಯುತ್ತದೆ. ಕೂಲಿಯವರು ಮದುವೆಗೋ ಕಾಯಿಲೆಗೋ ಅವನಿಂದಲೇ ಮುಂಗಡ ಪಡೆದಿರುತ್ತಾರೆ. ಸಾಲ ತೀರದೆ ಬೇರೆ ಕಡೆ ಹೋಗುವಂತಿಲ್ಲ. ಕೆಲಸ ನಿಂತರೆ ಸಾಲ ಮಾತ್ರ ನಿಲ್ಲುವುದಿಲ್ಲ. ಆ ಸಾಲಕ್ಕೆ ಮಕ್ಕಳ ಕೈಗಳೂ ಅಡವಾದವು. ಜೀತಪದ್ಧತಿಯನ್ನು 1976ರಲ್ಲೇ ಕಾನೂನು ರದ್ದುಮಾಡಿದ್ದರೂ, ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಜೀತದ ಮಕ್ಕಳಿದ್ದಾರೆಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ವರದಿಯಲ್ಲಿ ಬರೆಯಿತು. ಮಕ್ಕಳನ್ನು ಬಿಡಿಸಿದ್ದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮಗುವನ್ನು ಬಿಡಿಸಿದ ಮನೆಗೆ ಆ ಸಂಜೆ ಅಕ್ಕಿ ಎಲ್ಲಿಂದ ಬರಬೇಕೆಂಬ ಪ್ರಶ್ನೆಯೂ ನ್ಯಾಯದ್ದೇ.

ಅಷ್ಟರಲ್ಲಿ ಯಂತ್ರಗಳೂ ಬದಲಾದವು. ಚರಕದ ಬದಲಿಗೆ ಕಾಟೇಜ್ ಬೇಸಿನ್ ಬಂದಾಗ ಗೂಡು ಬೇಯಿಸುವುದು ಬೇರೆ, ಬಿಚ್ಚುವುದು ಬೇರೆ ಆಯಿತು. ಕೈ ಅದ್ದುವ ನೀರಿನ ಬಿಸಿ ತಗ್ಗಿತು. ಇದು ನಿಜವಾದ ಉಪಕಾರ. ರಾಟೆ ತಿರುಗಿಸುವವರು ಮಾತ್ರ ಬೇಡವಾದರು. ಇತ್ತೀಚೆಗೆ ಸ್ವಯಂಚಾಲಿತ ಯಂತ್ರ ಬಂದಿದೆ. ಅದರಲ್ಲಿ ನಾನೂರು ಎಳೆಗಳು ಒಟ್ಟಿಗೆ ಓಡುತ್ತವೆ. ನೂಲು ತೆಳುವಾದದ್ದನ್ನು ಯಂತ್ರವೇ ಅರಿತು ಹೊಸ ಗೂಡನ್ನು ಸೇರಿಸುತ್ತದೆ. ಬೆರಳಿಗೆ ಇಪ್ಪತ್ತು ವರ್ಷಗಳಲ್ಲಿ ಬಂದಿದ್ದ ವಿದ್ಯೆ ಅಲ್ಲಿಗೆ ಮುಗಿಯಿತು. ನೂಲು ಮೊದಲಿಗಿಂತ ನಯವಾಗಿದೆ. ಆಮದಿನ ನೂಲಿಗೆ ಸಮನಾಗಿ ನಿಲ್ಲಬೇಕಾದರೆ ಬೇರೆ ದಾರಿಯಿಲ್ಲವೆಂದು ತಿಳಿದವರು ಹೇಳುತ್ತಾರೆ. ನಾನೂ ಅದನ್ನು ಒಪ್ಪುತ್ತೇನೆ. ಯಂತ್ರ ಕೊಳ್ಳುವವನಿಗೆ ಸರಕಾರದ ಸಹಾಯಧನವಿದೆ, ನಡೆಸುವವನಿಗೆ ತರಬೇತಿಯಿದೆ. ಅದು ಬಂದುದರಿಂದ ಎದ್ದು ಹೋದವಳಿಗೆ ಏನಿದೆ?

ಎದ್ದವರು ಎತ್ತ ಹೋದರು? ಕೆಲವರು ಆಟೋ ಹಿಡಿದರು, ಕೆಲವರು ತರಕಾರಿ ಗಾಡಿ ತಳ್ಳಿದರು, ಕೆಲವರು ಚಿಂತಾಮಣಿಯ ಟೊಮೆಟೊ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಕೂಲಿಗೆ ಹೋದರು. ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಗಾರ್ಮೆಂಟ್ಸ್ ದಾರಿಯಾಯಿತು. ಗೌರಿಬಿದನೂರಿನಲ್ಲಿ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶ ಬೆಳೆದಂತೆ ಬೆಳಗಿನ ವ್ಯಾನುಗಳು ಹಳ್ಳಿಗಳತ್ತ ಬರತೊಡಗಿದವು. ಹೊಲಿಗೆ ಯಂತ್ರವನ್ನು ಕಲಿಯುವುದು ಕಷ್ಟವಲ್ಲ. ಗಂಟೆಗೆ ಇಷ್ಟು ಎಂಬ ಲೆಕ್ಕಕ್ಕೆ, ನೀರು ಕುಡಿದರೆ ಏಳಬೇಕಾದೀತೆಂದು ಬಾಯಾರಿಕೆ ತಡೆಯುವುದಕ್ಕೆ, ಮೇಸ್ತ್ರಿಯ ಮಾತಿಗೆ ಮನಸ್ಸನ್ನು ಒಗ್ಗಿಸುವುದು ಬೇರೆಯೇ ಕಲಿಕೆ. ಚರಕದ ಮುಂದೆಯೂ ದಣಿವಿತ್ತು, ಆದರೆ ಅಲ್ಲಿ ಆಕೆ ಕುಶಲಿಯಾಗಿದ್ದಳು. ಇಲ್ಲಿ ನಲವತ್ತರ ವಯಸ್ಸಿನಲ್ಲಿ ಇಪ್ಪತ್ತರ ಹುಡುಗಿಗಿಂತ ಹಿಂದೆ. ಈ ಅವಮಾನ ಯಾವ ವರದಿಯಲ್ಲೂ ಬರುವುದಿಲ್ಲ.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದದ್ದು ತಮಗೆ ನೆನಪಿರಬಹುದು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲವೆಂಬ ಹೊಸ ನಿಯಮವೇ ಕಾರಣ. ಎರಡನೆಯ ದಿನಕ್ಕೆ ಕೇಂದ್ರ ಸರಕಾರ ಅದನ್ನು ಹಿಂತೆಗೆದುಕೊಂಡಿತು. ಅಷ್ಟು ಸಿಟ್ಟೇಕೆಂದು ಆಗ ಕೆಲವರು ಕೇಳಿದರು. ಕೆಲಸ ಬಿಟ್ಟ ದಿನ ಆ ಹೆಣ್ಣುಮಕ್ಕಳ ಕೈಗೆ ಸಿಗುವ ಗಂಟು ಅದೊಂದೇ. ಮುಂದಿನ ಕೆಲಸ ಸಿಗುವವರೆಗೆ ಮನೆ ನಡೆಯಬೇಕಾದದ್ದು ಅದರಿಂದ.

ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಸಾಮತಿಯನ್ನು ನಾವೆಲ್ಲ ಕೇಳಿದ್ದೇವೆ. ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಅದನ್ನು ಕೇಳುವಾಗ ಕಣ್ಣಮುಂದೆ ಚಿತ್ರವೇ ಮೂಡುತ್ತದೆ. ಕೊನೆಗೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನನ ಔದಾರ್ಯದ ಬಗ್ಗೆ ಪ್ರಬೋಧನೆಗಳು ಬೇಕಾದಷ್ಟಿವೆ. ನನ್ನ ಮನಸ್ಸು ಮಾತ್ರ ಸಂಜೆಯವರೆಗೆ ಸಂತೆಬೀದಿಯಲ್ಲಿ ನಿಂತವರ ಬಳಿಯೇ ನಿಲ್ಲುತ್ತದೆ. ಸುಮ್ಮನೆ ಏಕೆ ನಿಂತಿರಿ ಎಂದು ಕೇಳಿದಾಗ ಅವರು ಹೇಳಿದ್ದು ತಮ್ಮನ್ನು ಯಾರೂ ಕರೆಯಲಿಲ್ಲವೆಂದು. ಅವರು ಸೋಮಾರಿಗಳಲ್ಲ, ಸೋಮಾರಿಯಾದವನು ಸಂಜೆ ಐದರವರೆಗೆ ಬಿಸಿಲಲ್ಲಿ ಕಾಯುವುದಿಲ್ಲ, ಮನೆಗೆ ಹೋಗಿ ಮಲಗುತ್ತಾನೆ. ಹದಿಮೂರನೆಯ ಲಿಯೋ ಜಗದ್ಗುರುಗಳು 1891ರಲ್ಲಿ ಕಾರ್ಮಿಕರ ಕುರಿತು ವಿಶ್ವಪತ್ರ ಬರೆದರು. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1955ರಲ್ಲಿ ಮೇ 1ನ್ನು ಶ್ರಮಿಕರಾದ ಸಂತ ಜೋಸೆಫರ ಹಬ್ಬವಾಗಿಸಿದರು. ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1981ರ ವಿಶ್ವಪತ್ರದಲ್ಲಿ ಕೆಲಸ ಕಳೆದುಕೊಂಡವರಿಗೆ ಜೀವನಾಧಾರ ಒದಗಿಸುವುದು ಸಮಾಜದ ಕರ್ತವ್ಯವೆಂದರು. ನಾವು ಮೇ ಒಂದರಂದು ಹೂವು ಏರಿಸಿ ಹಾಡು ಹಾಡುತ್ತೇವೆ. ಈ ಮೂರನೆಯದನ್ನು ಎಷ್ಟು ಮಂದಿ ಓದಿದ್ದೇವೆ?

ನಮ್ಮ ದೇಶದ ಕಾನೂನಿಗೂ ಆ ಯೋಚನೆ ತಡವಾಗಿ ಬಂದಿದೆ. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುತರಬೇತಿಗೊಂದು ನಿಧಿಯಿದೆ. ಕೆಲಸದಿಂದ ತೆಗೆದ ಪ್ರತಿಯೊಬ್ಬನ ಹೆಸರಿನಲ್ಲೂ ಮಾಲೀಕನು 15 ದಿನಗಳ ಕೂಲಿಯನ್ನು ಅದಕ್ಕೆ ಕಟ್ಟಬೇಕು. ಅದು ಆ ಕಾರ್ಮಿಕನ ಖಾತೆಗೆ ಹೋಗಬೇಕು. ಓದಿದಾಗ ಸಂತೋಷವಾಯಿತು. ಆದರೆ ನೇಮಕದ ಕಾಗದವಿಲ್ಲದ, ಹಾಜರಿ ಪುಸ್ತಕವಿಲ್ಲದ ಕೊಟ್ಟಿಗೆಯಲ್ಲಿ ಒಬ್ಬಳನ್ನು ಕೆಲಸದಿಂದ ತೆಗೆದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಅಲ್ಲಿ ಯಾರನ್ನೂ ತೆಗೆಯುವುದಿಲ್ಲ. ನಾಳೆ ಗೂಡಿಲ್ಲ, ಬರಬೇಡ ಎನ್ನುತ್ತಾರೆ, ಅಷ್ಟೆ. 2020ರ ಲಾಕ್‌ಡೌನಿನಲ್ಲಿ ಮದುವೆಗಳು ನಿಂತು ರೇಷ್ಮೆಗೆ ಗಿರಾಕಿಯಿಲ್ಲದಾಗ ಹಾಗೆಯೇ ಆಯಿತು.

ಅಸಂಘಟಿತ ಕಾರ್ಮಿಕರ ನೋಂದಣಿಗೆಂದು 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ಎಂಬ ವ್ಯವಸ್ಥೆ ಬಂದಿತು. ನೋಂದಣಿಗೆ ಹಣ ಕೊಡಬೇಕಾಗಿಲ್ಲ. ಆಧಾರ್ ಬೇಕಾಗುತ್ತದೆ. ತಾವು ಮಾಡುವ ಕೆಲಸ ಯಾವುದು, ತಮಗೆ ಬರುವ ಕಸುಬು ಯಾವುದು ಎಂದು ಅದು ಕೇಳುತ್ತದೆ. ತಮ್ಮ ಬೀದಿಯಲ್ಲಿ ನೂಲು ಬಿಚ್ಚುತ್ತಿದ್ದವರೊಬ್ಬರು ಇದ್ದರೆ ಅವರೊಡನೆ ಸೇವಾಕೇಂದ್ರದವರೆಗೆ ಹೋಗಿ ಬರಬಹುದು. ಅವರ ಮೊಬೈಲ್ ಸಂಖ್ಯೆ ಆಧಾರಿಗೆ ಸೇರಿದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಮೇಲು. ಇಲ್ಲವಾದರೆ ಅಲ್ಲಿ ಬೆರಳಚ್ಚು ಒತ್ತಿಸುತ್ತಾರೆ. ಕಷ್ಟದ ಕೆಲಸದಲ್ಲಿ ಗೆರೆ ಸವೆದ ಕೈಗಳನ್ನು ಆ ಯಂತ್ರ ಎಷ್ಟೋ ಸಲ ಗುರುತಿಸುವುದಿಲ್ಲ.