ಯೀಸ್ಟ್, ರೇಷ್ಮೆಹುಳು ಮತ್ತು ಸ್ವಭಕ್ಷಣದ ಶೋಧ: ಒಂದು ಚಾರಿತ್ರಿಕ ವಿವೇಚನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೇಷ್ಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಟಿಪ್ಪುವಿನ ಕಾಲದಿಂದ ತೊಡಗಿ, ಹಿಪ್ಪುನೇರಳೆಯ ವಿಸ್ತೀರ್ಣ, ಗೂಡಿನ ಧಾರಣೆ, ಸರ್ಕಾರದ ಆಜ್ಞೆಗಳು ಇವಿಷ್ಟನ್ನು ಹೇಳಿ ಮುಗಿಸುತ್ತಾರೆ. ಹುಳುವಿನ ಒಡಲೊಳಗೆ ನಡೆಯುವುದು ಚರಿತ್ರಕಾರನಿಗೆ ಸಂಬಂಧಿಸಿದ್ದಲ್ಲವೆಂಬ ಭಾವನೆ ರೂಢಿಯಲ್ಲಿದೆ. ಅದು ಸರಿಯಲ್ಲವೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912-1918) ಮೈಸೂರು ಸರ್ಕಾರವು ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರವನ್ನು ಸ್ಥಾಪಿಸಿತು. ಅಲ್ಲಿ ಕೇಳಲಾದ ಪ್ರಶ್ನೆಗಳೆಲ್ಲವೂ ಪ್ರಯೋಜನವನ್ನು ಕುರಿತವು: ರೋಗವಿಲ್ಲದ ಮೊಟ್ಟೆ ಹೇಗೆ ದೊರೆತೀತು, ಹೆಚ್ಚು ನೂಲು ಕೊಡುವ ತಳಿ ಯಾವುದು? ಗೂಡು ಕಟ್ಟಿದ ಕೆಲವೇ ದಿನಗಳಲ್ಲಿ ಅದನ್ನು ಮಾರಬೇಕು, ತಡವಾದರೆ ಚಿಟ್ಟೆ ಗೂಡನ್ನು ಭೇದಿಸಿ ಹೊರಬರುವುದೆಂಬುದನ್ನು ರೈತನು ಅನುಭವದಿಂದಲೇ ಬಲ್ಲವನಾಗಿದ್ದನು. ಆದರೆ ಅಷ್ಟೊಂದು ನೂಲನ್ನು ಸ್ರವಿಸಿದ ಗ್ರಂಥಿಯು ಪ್ಯೂಪದಲ್ಲಿ ಕರಗಿಹೋಗುವುದು ಹೇಗೆ? ಇದಕ್ಕೆ ಉತ್ತರದ ಹಾದಿ ತೆರೆದದ್ದು ಬೇರೆಡೆಯಲ್ಲಿ.

ಜೀವಕೋಶವು ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಕ್ರಿಯೆಗೆ ಬೆಲ್ಜಿಯಂ ದೇಶದ ಕ್ರಿಸ್ಟಿಯನ್ ಡಿ ಡ್ಯೂವ್ 1963ರಲ್ಲಿ 'ಆಟೋಫೇಜಿ' ಎಂದು ಹೆಸರಿಟ್ಟರು. ಸ್ವಭಕ್ಷಣವೆಂಬುದು ಅದರ ಅರ್ಥ. ಮುಂದಿನ ಮೂರು ದಶಕಗಳ ಕಾಲ ಅದರ ಯಂತ್ರವ್ಯವಸ್ಥೆ ಅಸ್ಪಷ್ಟವಾಗಿಯೇ ಉಳಿಯಿತು. ಜಪಾನಿನ ಯೋಶಿನೋರಿ ಒಸುಮಿ ರೊಟ್ಟಿಯನ್ನು ಹುದುಗಿಸುವ ಯೀಸ್ಟನ್ನು ಆರಿಸಿಕೊಂಡರು. ಜೀರ್ಣಕ ಕಿಣ್ವಗಳಿಲ್ಲದ ಯೀಸ್ಟನ್ನು ಉಪವಾಸವಿರಿಸಿದಾಗ, ಅದರ ರಸಕುಹರದಲ್ಲಿ ಸಣ್ಣ ಗುಳ್ಳೆಗಳು ಬಂದು ತುಂಬುವುದನ್ನು ಸಾಧಾರಣ ಸೂಕ್ಷ್ಮದರ್ಶಕದಲ್ಲಿಯೇ ಕಂಡರು. 1992ರಲ್ಲಿ ಇದು ಪ್ರಕಟವಾಯಿತು. ಮರುವರ್ಷ ಈ ಕ್ರಿಯೆಗೆ ಅಗತ್ಯವಾದ 15 ಜೀನುಗಳ ಸುಳಿವನ್ನು ಅವರ ತಂಡ ನೀಡಿತು. 2016ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಇಂದು ರೇಷ್ಮೆಹುಳುವಿನಲ್ಲಿ ಗುರುತಿಸಲಾದ ತತ್ಸಮಾನ ಜೀನುಗಳನ್ನು ಯೀಸ್ಟಿನವುಗಳ ಹೆಸರಿನಿಂದಲೇ ಕರೆಯುತ್ತಾರೆ.

ಮುಪ್ಪಿನ ವಿಚಾರವೂ ಯೀಸ್ಟಿನೊಡನೆ ಸೇರಿಕೊಂಡಿದೆ. ತಾಯಿಕೋಶವೊಂದು ಮಿತವಾದ ಸಲ ಮಾತ್ರ ಮೊಗ್ಗೊಡೆದು ಮಕ್ಕಳನ್ನು ಕೊಡಬಲ್ಲುದೆಂದು ಮಾರ್ಟಿಮರ್ ಮತ್ತು ಜಾನ್‌ಸ್ಟನ್ 1959ರಲ್ಲಿ ತೋರಿಸಿದರು. ಸ್ಪರ್ಮಿಡಿನ್ ಎಂಬ ವಸ್ತುವು ಸ್ವಭಕ್ಷಣವನ್ನು ಪ್ರಚೋದಿಸಿ ಯೀಸ್ಟಿನ ಆಯುಸ್ಸನ್ನು ಹೆಚ್ಚಿಸುವುದೆಂದು 2009ರಲ್ಲಿ ವರದಿಯಾಯಿತು. ಇಂಥ ಫಲಿತಾಂಶಗಳನ್ನು ಓದಿದವರು ಸ್ವಭಕ್ಷಣವನ್ನು ಚಿರಯೌವನದ ಮದ್ದೆಂದು ಭಾವಿಸುವುದುಂಟು. ಅಂಥವರು ಪ್ಯೂಪವನ್ನೊಮ್ಮೆ ನೋಡಬೇಕು. ರೇಷ್ಮೆಗ್ರಂಥಿಯು ಅಳಿಯುವಾಗ ಸ್ವಭಕ್ಷಣವೂ ಕೋಶದ ನಿಯತ ಮರಣವೂ ಜೊತೆಗೂಡಿ ಕಾಣುತ್ತವೆ. ಇದಕ್ಕೆ ಅನುಜ್ಞೆ ಕೊಡುವುದು ಎಕ್ಡೈಸೋನ್ ಹಾರ್ಮೋನು. ಒಂದೆಡೆ ಕೋಶವನ್ನು ಕಾಯುವ ಕ್ರಿಯೆಯೇ ಇನ್ನೊಂದೆಡೆ ಅಂಗದ ವಿಸರ್ಜನೆಯಲ್ಲಿ ಪಾಲುಗೊಳ್ಳುತ್ತದೆ.

ಈ ಶಾಸ್ತ್ರವು ನಮ್ಮ ನೆರೆಯಲ್ಲಿಯೂ ಬೇರೂರಿದೆ. 1989ರಲ್ಲಿ ಸ್ಥಾಪಿತವಾದ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ರವಿ ಮಂಜಿತಾಯ ಅವರ ತಂಡವು ಯೀಸ್ಟನ್ನು ಬಳಸಿ, ಸ್ವಭಕ್ಷಣವನ್ನು ಹೆಚ್ಚಿಸುವ ರಾಸಾಯನಿಕಗಳನ್ನು ಶೋಧಿಸುತ್ತ ಬಂದಿದೆ. ನರರೋಗಗಳಿಗೆ ಕಾರಣವಾಗುವ ಪ್ರೋಟೀನಿನ ಗಂಟುಗಳನ್ನು ತೊಡೆಯುವ ಬಗೆ ಆ ಶೋಧದ ಒಂದು ಗುರಿ.

ಚನ್ನಪಟ್ಟಣದ ಕ್ಷೇತ್ರವು ಪ್ರಯೋಜನದಿಂದ ಹೊರಟಿತು; ಒಸುಮಿಯವರು ಕುತೂಹಲದಿಂದ ಹೊರಟರು. ಎರಡೂ ದಾರಿಗಳು ಒಂದೇ ಹುಳುವಿನಲ್ಲಿ ಸಂಧಿಸಿರುವುದರಿಂದ, ಒಂದನ್ನು ಬಿಟ್ಟು ಬರೆದ ರೇಷ್ಮೆಯ ಚರಿತ್ರೆ ಅಪೂರ್ಣ. ನಮ್ಮ ವಿದ್ಯಾರ್ಥಿಗಳು ದಫ್ತರದ ಕಡತಗಳೊಡನೆ ಹುಳುಮನೆಯ ಅನುಭವವನ್ನೂ ಪ್ರಯೋಗಶಾಲೆಯ ವರದಿಯನ್ನೂ ಸಾಕ್ಷ್ಯವಾಗಿ ಓದಲು ಕಲಿಯಬೇಕು.